ಚೆಕ್ ಫೋಟೊ ಸಾಕು, ತಿರಸ್ಕಾರ ಪತ್ರ ಕೇಳಿ

ಸೀಟು ಹಂಚಿಕೆ ಶುರುವಾಯಿತೆಂದರೆ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ: 'ಬಡ ಪ್ರತಿಭೆಗೆ ಬೇಕಿದೆ ನೆರವಿನ ಹಸ್ತ'. ತಗಡಿನ ಮನೆಯ ಮುಂದೆ ಅಂಕಪಟ್ಟಿ ಹಿಡಿದು ನಿಂತ ಹುಡುಗಿ, ಪಕ್ಕದಲ್ಲಿ ತಲೆತಗ್ಗಿಸಿದ ಅಪ್ಪ, ಕೆಳಗೆ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್. ನಾಲ್ಕು ದಿನ ಬಿಟ್ಟು ಎರಡನೇ ಕಂತು. ಶಾಸಕರೋ, ಗುತ್ತಿಗೆದಾರರೋ, ಮುಂದಿನ ಸಲ ಟಿಕೆಟ್ ಬೇಕಾದವರೋ ಚೆಕ್ ಕೊಡುತ್ತಿರುವ ಫೋಟೊ. ಮೇಲೆ ಸಣ್ಣ ಪಟ್ಟಿಯಲ್ಲಿ 'ವರದಿ ಫಲಶ್ರುತಿ'.

ಆ ಖಾತೆ ಸಂಖ್ಯೆಯನ್ನು ಒಮ್ಮೆ ಗಮನಿಸಿ ನೋಡಿ. ನಾನು ವಿಚಾರಿಸಿದ ಬಹುತೇಕ ಪ್ರಕರಣಗಳಲ್ಲಿ ಅದು ಹುಡುಗಿಯ ಅಪ್ಪ ಸಾಲ ಕೇಳಲು ಹೋಗಿ ಬರಿಗೈಲಿ ಬಂದ ಅದೇ ಶಾಖೆಯ ಖಾತೆ. ಊರಿನವರೆಲ್ಲ ಐನೂರು, ಸಾವಿರ ಹಾಕುತ್ತಾರೆ. ಸಾಲ ಕೊಡದ ಶಾಖೆಗೇ ಆ ಹಣ ಠೇವಣಿಯಾಗಿ ಹೋಗುತ್ತದೆ. ಸುದ್ದಿ ಬರೆದವರಾಗಲಿ, ಬರೆಸಿದ ಡೆಸ್ಕಾಗಲಿ, ಚೆಕ್ ಕೊಟ್ಟವರಾಗಲಿ ಆ ಶಾಖೆಯ ಮ್ಯಾನೇಜರನ್ನು ಒಂದು ಮಾತು ಕೇಳುವುದಿಲ್ಲ: ಯಾಕೆ ಕೊಡಲಿಲ್ಲ ಸ್ವಾಮಿ?

ಈ ಸಲ ನಾನು ಕೇಳಿದೆ. ಕುಷ್ಟಗಿ ತಾಲ್ಲೂಕಿನ ಹುಡುಗಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜು. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಅಡಿ ರಾಜ್ಯದ ಉಳಿದ ಭಾಗದಲ್ಲಿ ಮೀಸಲಿರುವ ಶೇ 8ರ ಕೋಟಾದಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ನಾಲ್ಕು ವರ್ಷದ ಫೀಸು, ಹಾಸ್ಟೆಲ್ ಎಲ್ಲ ಸೇರಿಸಿ ಮನೆಯವರು ಕೇಳಿದ್ದು ಮೂರೂವರೆ ಲಕ್ಷ ಚಿಲ್ಲರೆ. ಶಾಖೆಯಲ್ಲಿ ನಡೆದ ಮಾತು ಅವರ ಬಾಯಲ್ಲೇ ಕೇಳಿ.

"ನಿಮ್ಮ ಮನ್ಯಾಗ ನೌಕರಿ ಮಾಡೋರು ಯಾರರ ಅದಾರೇನು?"

"ಇಲ್ರಿ ಸರ."

"ಸಂಬಂಧಿಕರೊಳಗ? ಮಾಸ್ತರು, ಕಂಡಕ್ಟರು ಯಾರಾದ್ರೂ ನಡೀತೈತಿ. ಅವರ ಪಗಾರ ಪಟ್ಟಿ ತರ್ರಿ, ಆಮ್ಯಾಲೆ ನೋಡೂಣು."

ಇಷ್ಟೇ. ಅರ್ಜಿ ಕೊಡಲಿಲ್ಲ, ಅರ್ಜಿ ತೆಗೆದುಕೊಳ್ಳಲಿಲ್ಲ, ತಿರಸ್ಕರಿಸಲೂ ಇಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಆ ಹುಡುಗಿ ಅಲ್ಲಿಗೆ ಬಂದೇ ಇಲ್ಲ.

ಮ್ಯಾನೇಜರರನ್ನು ಭೇಟಿಯಾದಾಗ ಅವರು ಚಹಾ ಕೊಟ್ಟು, 'ಜಾಮೀನಿಲ್ಲದೆ ಹೇಗೆ ಕೊಡೋದು ಸರ್, ನೀವೇ ಹೇಳಿ' ಎಂದರು. ಹೇಳುತ್ತೇನೆ.

ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳಬೇಕು. ನಮ್ಮ ಶಾಖೆಗಳಲ್ಲಿ ಮೂರನ್ನೂ 'ಜಾಮೀನು' ಎಂಬ ಒಂದೇ ಚೀಲಕ್ಕೆ ತುಂಬಿ ಬಡವರ ತಲೆಯ ಮೇಲೆ ಹೊರಿಸುತ್ತಾರೆ. ಸಹ-ಸಾಲಗಾರ ಎಂದರೆ ಅಪ್ಪ ಅಥವಾ ಅಮ್ಮ, ಅವರಿಲ್ಲದಿದ್ದರೆ ಪೋಷಕರು, ಮದುವೆಯಾಗಿದ್ದರೆ ಗಂಡ ಅಥವಾ ಅತ್ತೆ-ಮಾವ. ಇವರ ಸಹಿ ಕೇಳುವುದು ನ್ಯಾಯ. ಪಿಯು ಮುಗಿಸಿದ ಎಷ್ಟೋ ಮಕ್ಕಳಿಗೆ ಹದಿನೆಂಟು ತುಂಬಿರುವುದಿಲ್ಲ, ಅವರೊಬ್ಬರೇ ಕರಾರಿಗೆ ಸಹಿ ಹಾಕಲಾಗದು. ಜಾಮೀನುದಾರ ಎಂದರೆ ಮನೆಯ ಹೊರಗಿನ ಮೂರನೆಯವನು, ಸಾಲ ತೀರದಿದ್ದರೆ ತಾನು ಕೊಡುತ್ತೇನೆ ಎಂದು ಬರೆದುಕೊಡುವವನು. ಅಡಮಾನ ಎಂದರೆ ಹೊಲ, ಮನೆ, ಠೇವಣಿ, ವಿಮೆ.

ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿದ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಅಪ್ಪ-ಅಮ್ಮನ ಸಹಿ ಸಾಕು, ಬೇರೆ ಭದ್ರತೆ ಬೇಕಿಲ್ಲ. ಈ ಮೊತ್ತದವರೆಗೆ ಮನೆಯವರು ಕೈಯಿಂದ ಹಾಕಬೇಕಾದ ಪಾಲೂ ಇಲ್ಲ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕಡ್ಡಾಯ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. (4 ಲಕ್ಷ ಎಂಬ ಈ ಗೆರೆ 2001ರದ್ದು. ಆವತ್ತಿನ ಎಂಜಿನಿಯರಿಂಗ್ ಫೀಸು ಎಷ್ಟಿತ್ತು, ಇವತ್ತು ಎಷ್ಟಿದೆ ಎಂದು ಯಾರಾದರೂ ಹಳೆಯ ರಸೀದಿ ಹುಡುಕಿ ನೋಡಬೇಕು. ಗೆರೆ ಮಾತ್ರ ಅಲ್ಲೇ ಇದೆ.)

4ರಿಂದ ಏಳೂವರೆ ಲಕ್ಷದ ನಡುವಿನ ಸಾಲಕ್ಕೆ ಮೂರನೆಯವರ ಜಾಮೀನು ಕೇಳಲು ಆ ಯೋಜನೆಯಲ್ಲಿ ಅವಕಾಶವಿತ್ತು. ಅದಕ್ಕೂ 2015ರಲ್ಲಿ ಉತ್ತರ ಬಂತು. ಶೈಕ್ಷಣಿಕ ಸಾಲಗಳ ಖಾತರಿ ನಿಧಿ ಯೋಜನೆಯಡಿ, ಅಡಮಾನವನ್ನೂ ಮೂರನೆಯವರ ಜಾಮೀನನ್ನೂ ಕೇಳದೆ ಬ್ಯಾಂಕು ಏಳೂವರೆ ಲಕ್ಷದವರೆಗೆ ಸಾಲ ಕೊಟ್ಟರೆ, ಅದು ಮುಳುಗಿದಾಗ ಬಾಕಿಯ ಶೇ 75ರಷ್ಟನ್ನು ಕೇಂದ್ರದ ಖಾತರಿ ಸಂಸ್ಥೆ ತುಂಬಿಕೊಡುತ್ತದೆ. ಅಂದರೆ ಜಾಮೀನುದಾರ ಆಗಲೇ ಬಂದು ಕೂತಿದ್ದಾನೆ. ಆತ ಮಾಸ್ತರಲ್ಲ, ಕಂಡಕ್ಟರಲ್ಲ, ಭಾರತ ಸರ್ಕಾರ. ಆದರೆ ನಮ್ಮ ಹೋಬಳಿ ಶಾಖೆಗೆ ಭಾರತ ಸರ್ಕಾರಕ್ಕಿಂತ ಕಂಡಕ್ಟರ್ ಮಾಮನ ಪಗಾರ ಪಟ್ಟಿಯ ಮೇಲೆ ಹೆಚ್ಚು ವಿಶ್ವಾಸ.

ಮೂರೂವರೆ ಲಕ್ಷ ಕೇಳಿದ ಹುಡುಗಿಗೆ ಈ ಖಾತರಿಯ ಮಾತೂ ಬೇಕಿರಲಿಲ್ಲ. ಆಕೆ ಮೊದಲನೇ ಗೆರೆಯ ಒಳಗೇ ಇದ್ದಳು.

ಈಗ 'ಸರ್ಕಾರಿ ನೌಕರರ ಜಾಮೀನು' ಎಂಬ ಮಾತಿನ ಒಳಗೆ ಏನಿದೆ ನೋಡೋಣ. ಕೇಳಲು ಸಣ್ಣ ವಿಷಯ, ಒಂದು ಸಹಿ ತಾನೆ ಅನ್ನಿಸುತ್ತದೆ. ಆದರೆ ಯಾರ ಮನೆಯಲ್ಲಿ ನೌಕರಿದಾರರಿದ್ದಾರೆ? ಹಿಂದಿನ ತಲೆಮಾರು ಓದಿದ ಮನೆಯಲ್ಲಿ. ಹಿಂದಿನ ತಲೆಮಾರು ಓದದ ಕಾರಣಕ್ಕೇ ಸಾಲ ಕೇಳಲು ಬಂದ ಮನೆಯವರಿಗೆ, ನಿಮ್ಮಲ್ಲಿ ಓದಿ ನೌಕರಿ ಹಿಡಿದವರು ಯಾರಿದ್ದಾರೆ ಎಂದು ಕೇಳುವುದು ಯಾವ ನ್ಯಾಯ? ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುತ್ತಿರುವ ಮನೆಗಳನ್ನು ಹೊರಗಿಡಲು ಇದಕ್ಕಿಂತ ಸಲೀಸಾದ ಜರಡಿ ಇಲ್ಲ. ಜಾತಿ ಕೇಳಿದಂತೆ ಆಗುವುದಿಲ್ಲ, ಆದಾಯ ಕೇಳಿದಂತೆಯೂ ಆಗುವುದಿಲ್ಲ. ಕೆಲಸ ಮಾತ್ರ ಅದೇ ಆಗುತ್ತದೆ.

ದೂರದ ಸಂಬಂಧದಲ್ಲಿ ಒಬ್ಬರು ಮಾಸ್ತರು ಇದ್ದರು ಅನ್ನಿ. ಅವರು ಯಾಕೆ ಸಹಿ ಹಾಕಬೇಕು? 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅವರ ಮನೆ ಸಾಲ, ಮಗಳ ಮದುವೆ, ಸೊಸೈಟಿ ಸಾಲದ ಕಡಿತ ಎಲ್ಲ ಅವರಿಗಿದೆ. ಈಗಾಗಲೇ ಇಬ್ಬರಿಗೆ ಜಾಮೀನು ಬಿದ್ದು ಒಬ್ಬರು ಕೈಕೊಟ್ಟಿರುತ್ತಾರೆ. ಅವರು 'ಆಗಂಗಿಲ್ಲಪಾ' ಅಂದರೆ ಅದು ಕಲ್ಲೆದೆಯಲ್ಲ. ಆದರೆ ಆ ಮನೆಯ ಮುಂದೆ ಅಪ್ಪ ಮೂರು ಸಲ ಹೋಗಿ ನಿಂತು ಬಂದಿರುತ್ತಾನಲ್ಲ, ಮಗಳು ಅದನ್ನು ನೋಡಿರುತ್ತಾಳಲ್ಲ, ಅದು ಯಾವ ನಮೂನೆಯಲ್ಲೂ ಭರ್ತಿಯಾಗುವುದಿಲ್ಲ.

ಹೊಲದ ಕಥೆಯೂ ಅಷ್ಟೇ. ಎರಡೆಕರೆ ಇರುತ್ತದೆ, ಆದರೆ ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ಪೌತಿ ಖಾತೆ ಆಗಿರುವುದಿಲ್ಲ, ಆಗಬೇಕೆಂದರೆ ಐದು ಜನ ಅಣ್ಣತಮ್ಮಂದಿರು ಒಪ್ಪಬೇಕು. ಇಲ್ಲವೇ ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವ ಭೂಮಿ. ಉಳುವುದು ನಿಜ, ಬೆಳೆಯುವುದು ನಿಜ, ಬ್ಯಾಂಕಿನ ಕಣ್ಣಿಗೆ ಮಾತ್ರ ಆ ಹೊಲವೇ ಇಲ್ಲ.

ಇನ್ನು ಅದೇ ಓಣಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಬನ್ನಿ. ವಾರಕ್ಕೊಮ್ಮೆ ಮೈಕ್ರೊ ಫೈನಾನ್ಸ್ ಹುಡುಗ ಬೈಕಿನಲ್ಲಿ ಬರುತ್ತಾನೆ. ಗುಂಪಿನ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತು, ಒಬ್ಬರಿಗೊಬ್ಬರು ಜಾಮೀನಾಗಿ, ಆಧಾರ್ ಕಾರ್ಡ್ ಕೊಟ್ಟು ಸಾಲ ಎತ್ತುತ್ತಾರೆ. ಬಡ್ಡಿ ಶೇ 20 ದಾಟಿರುತ್ತದೆ. ಅಲ್ಲಿ ಈ ತಾಯಂದಿರ ಸಹಿಗೆ ಬೆಲೆ ಇದೆ, ಕಂತು ತಪ್ಪದೆ ಕಟ್ಟುತ್ತಾರೆಂಬ ಭರವಸೆಯೂ ಇದೆ. ಶೇ 10-11ರ ಶಿಕ್ಷಣ ಸಾಲಕ್ಕೆ ಮಾತ್ರ ಅದೇ ತಾಯಿಯ ಸಹಿ ಸಾಲದು! ವಸೂಲಿ ಕಿರುಕುಳ ವಿಪರೀತಕ್ಕೆ ಹೋಗಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಆಗ ನಾವೆಲ್ಲ ಪುಟಗಟ್ಟಲೆ ಬರೆದೆವು. ಆ ಸಾಲಗಳಲ್ಲಿ ಎಷ್ಟು ಪಾಲು ಮಕ್ಕಳ ಫೀಸಿಗೆ ಹೋಗಿತ್ತು ಎಂಬ ಪ್ರಶ್ನೆ ಯಾವ ಪತ್ರಿಕೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅಲ್ಲಿ ಇನ್ನೊಂದು ಕುಣಿಕೆ ಇದೆ. ಮೈಕ್ರೊ ಫೈನಾನ್ಸ್ ಕಂತು ಎರಡು ತಿಂಗಳು ತಪ್ಪಿತೆಂದರೆ ತಾಯಿಯ ಸಿಬಿಲ್ ಅಂಕ ಕುಸಿಯುತ್ತದೆ. ಮುಂದಿನ ವರ್ಷ ಆಕೆ ಸಹ-ಸಾಲಗಾರಳಾಗಿ ಬ್ಯಾಂಕಿಗೆ ಬಂದರೆ 'ನಿಮ್ಮ ಸಿಬಿಲ್ ಸರಿ ಇಲ್ಲಮ್ಮ' ಎಂಬ ಉತ್ತರ. ಬ್ಯಾಂಕು ಕೊಡದ್ದಕ್ಕೆ ಅಲ್ಲಿ ಸಾಲ, ಅಲ್ಲಿ ಸಾಲ ಮಾಡಿದ್ದಕ್ಕೆ ಬ್ಯಾಂಕು ಕೊಡುವುದಿಲ್ಲ. ಸಿಬಿಲ್ ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು, ಇಂಥ ಅರ್ಜಿಗಳನ್ನು ಮಾನವೀಯ ದೃಷ್ಟಿಯಿಂದ ನೋಡಬೇಕು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಆ ತೀರ್ಪು ನಮ್ಮ ಶಾಖೆಗಳನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೆ ಅರ್ಜಿಯ ಜೊತೆ ಅದರ ಪ್ರತಿ ಲಗತ್ತಿಸಲು ಯಾವ ಅಡ್ಡಿಯೂ ಇಲ್ಲ.

ಮ್ಯಾನೇಜರರ ಮಾತನ್ನೂ ಕೇಳಬೇಕು, ಅದರಲ್ಲಿ ಹುರುಳಿಲ್ಲದೇ ಇಲ್ಲ. ಸಾಲ ವಸೂಲಾಗದಿದ್ದರೆ ಮಂಜೂರು ಮಾಡಿದವರ ಮೇಲೆ ವಿಚಾರಣೆ ಬರುತ್ತದೆ. ಮೂರು ವರ್ಷಕ್ಕೆ ವರ್ಗವಾಗಿ ಹೋದರೂ ಫೈಲು ಬೆನ್ನಟ್ಟುತ್ತದೆ. ಒಡವೆ ಸಾಲ ಅರ್ಧ ಗಂಟೆಯ ಕೆಲಸ, ಬಂಗಾರ ತಿಜೋರಿಯಲ್ಲೇ ಇರುತ್ತದೆ. ಶಿಕ್ಷಣ ಸಾಲವೆಂದರೆ ಕೋರ್ಸು ಮುಗಿದು ಇನ್ನೂ ಒಂದು ವರ್ಷ ಕಳೆಯುವವರೆಗೆ ಕಂತು ಶುರುವಾಗದು. ಓದು ಮುಗಿಸಿದವರಿಗೆ ಕೆಲಸ ಸಿಗದೆ ಸಾಲ ನಿಂತುಹೋಗುವುದೂ ಇದೆ. ಏಜೆಂಟರ ಮಾತು ನಂಬಿ ಎಲ್ಲೋ ಮಹಡಿಯ ಮೇಲಿನ ಕಾಲೇಜಿಗೆ ಸೇರಿ, ಕೊನೆಗೆ ಹನ್ನೆರಡು ಸಾವಿರ ಸಂಬಳಕ್ಕೆ ದುಡಿಯುತ್ತಿರುವವರು ಕಂತು ಎಲ್ಲಿಂದ ತರಬೇಕು? ಒಪ್ಪೋಣ. ಆದರೆ ಇದು ಕಾಲೇಜಿನ ಗುಣಮಟ್ಟದ ಪ್ರಶ್ನೆ, ಕೆಲಸದ ಪ್ರಶ್ನೆ. ಸೋದರಮಾವ ಸಹಿ ಹಾಕಿದ ಮಾತ್ರಕ್ಕೆ ಕಾಲೇಜು ಸುಧಾರಿಸುತ್ತದೆಯೇ? ಸುಧಾರಿಸುವುದಿಲ್ಲ, ಮುಳುಗುವವರ ಸಂಖ್ಯೆ ಒಂದರಿಂದ ಎರಡಾಗುತ್ತದೆ ಅಷ್ಟೆ. ವಿಚಾರಣೆಯ ಹೆದರಿಕೆ ಇದ್ದರೆ ಅದನ್ನು ಪ್ರಾದೇಶಿಕ ಕಚೇರಿಯ ಮುಂದೆ ಹೇಳಿಕೊಳ್ಳಬೇಕು. ಕೌಂಟರಿನ ಈಚೆ ನಿಂತ ಕೂಲಿಯವನ ಮೇಲೆ ಅದನ್ನು ಇಳಿಸಬಾರದು.

ಈ ಪದ್ಧತಿ ಉಳಿದಿರುವುದು ಅದು ಬಾಯಿಮಾತಿನಲ್ಲಿ ನಡೆಯುವುದರಿಂದ. ಕಾಗದದ ಮೇಲೆ 'ಜಾಮೀನುದಾರರಿಲ್ಲದ ಕಾರಣ ಮೂರೂವರೆ ಲಕ್ಷದ ಅರ್ಜಿ ತಿರಸ್ಕರಿಸಲಾಗಿದೆ' ಎಂದು ಬರೆದು ಸಹಿ ಹಾಕುವ ಮ್ಯಾನೇಜರ್ ನನಗೆ ಇನ್ನೂ ಸಿಕ್ಕಿಲ್ಲ. ಬರೆದರೆ ತಪ್ಪು ಒಪ್ಪಿಕೊಂಡಂತೆ ಎಂದು ಅವರಿಗೂ ಗೊತ್ತು. ಮಾದರಿ ಯೋಜನೆಯಲ್ಲೇ ಇರುವಂತೆ ಅರ್ಜಿಯನ್ನು ಹದಿನೈದು ದಿನದಿಂದ ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ತಿರಸ್ಕರಿಸುವುದಾದರೆ ಮೇಲಧಿಕಾರಿಯ ಒಪ್ಪಿಗೆ ಪಡೆದು, ಕಾರಣ ತಿಳಿಸಬೇಕು. 'ನಿಮ್ಮ ಊರು ನಮ್ಮ ಶಾಖೆಯ ಸೇವಾ ವ್ಯಾಪ್ತಿಗೆ ಬರಲ್ಲ' ಎಂದು ಅಟ್ಟುವಂತೆಯೂ ಇಲ್ಲ, ಅದನ್ನು ರಿಸರ್ವ್ ಬ್ಯಾಂಕ್ 2012ರಲ್ಲೇ ನಿಷೇಧಿಸಿದೆ.

ಹಾಗಾಗಿ ನನ್ನನ್ನು ಕೇಳಲು ಬರುವವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ: ಮೊದಲು ಕೌಂಟರಿಗೆ ಹೋಗಬೇಡಿ, ಮೊದಲು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಒಂದೇ ಅರ್ಜಿಯನ್ನು ಮೂರು ಬ್ಯಾಂಕುಗಳಿಗೆ ಕಳುಹಿಸಬಹುದು. ಅರ್ಜಿ ಸಂಖ್ಯೆ ಹುಟ್ಟುತ್ತದೆ. ಸಂಖ್ಯೆ ಹುಟ್ಟಿದ ಮೇಲೆ ನೀವು ಶಾಖೆಗೆ ಬಂದೇ ಇಲ್ಲ ಎನ್ನಲಾಗುವುದಿಲ್ಲ. ಅದರ ಮುದ್ರಿತ ಪ್ರತಿ, ಸೀಟು ಹಂಚಿಕೆ ಪತ್ರ, ಕಾಲೇಜಿನ ಫೀಸು ವಿವರ ಹಿಡಿದು ಶಾಖೆಗೆ ಹೋಗಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಜಾಮೀನು ಕೇಳಿದರೆ 'ಬರೆದುಕೊಡ್ರಿ ಸರ' ಎನ್ನಿ. ಬರೆದುಕೊಡದಿದ್ದರೆ ಅವತ್ತೇ ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹೋಗುತ್ತದೆ, ಅದಕ್ಕೆ ಶುಲ್ಕವಿಲ್ಲ. ಇಲ್ಲೊಂದು ಎಚ್ಚರ: 'ಸಾಲ ಕೊಡಲಿಲ್ಲ' ಎಂದಷ್ಟೇ ಬರೆದರೆ, ಕೊಡುವುದು ಬಿಡುವುದು ಬ್ಯಾಂಕಿನ ವ್ಯಾವಹಾರಿಕ ನಿರ್ಧಾರ ಎಂದು ದೂರನ್ನು ಬದಿಗಿಡಬಹುದು. 'ನಿಯಮದಲ್ಲಿ ಇಲ್ಲದ ಜಾಮೀನು ಕೇಳಿದರು', 'ಅರ್ಜಿ ಸ್ವೀಕರಿಸಲಿಲ್ಲ', 'ಕಾರಣ ತಿಳಿಸಲಿಲ್ಲ' ಎಂದು ಬರೆಯಬೇಕು.

ಆದರೆ ಇಷ್ಟೆಲ್ಲ ಮಾಡಲು ದಿನಗಳು ಬೇಕು. ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿ, 'ಛಾಯ್ಸ್ 1' ಒತ್ತಿದವರು ಫೀಸು ಕಟ್ಟಿ ಪ್ರವೇಶ ಪತ್ರ ಇಳಿಸಿಕೊಳ್ಳಿ ಎನ್ನುವಾಗ ಕೊಡುವುದು ಬೆರಳೆಣಿಕೆಯ ದಿನ. ಬ್ಯಾಂಕಿಗೆ ತಿಂಗಳು, ವಿದ್ಯಾರ್ಥಿಗೆ ವಾರವೂ ಇಲ್ಲ. ಈ ಸಂದಿಯಲ್ಲೇ ಬಡ್ಡಿ ವ್ಯವಹಾರದವನು ಕೂತಿದ್ದಾನೆ. ಕುಷ್ಟಗಿ ಹುಡುಗಿಯ ಅಪ್ಪ ಕೊನೆಗೆ ತಂದದ್ದು ಅವನ ಹತ್ತಿರವೇ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಒಂದು ಲಕ್ಷ. ವರ್ಷಕ್ಕೆ ಬಡ್ಡಿಯೇ 36 ಸಾವಿರ. ಎಂಜಿನಿಯರಿಂಗ್ ಓದುವ ರೈತರ ಮಗಳಿಗೆ ರೈತ ವಿದ್ಯಾನಿಧಿಯಲ್ಲಿ ವರ್ಷಕ್ಕೆ ಬರುವುದು 11 ಸಾವಿರ. ಸರ್ಕಾರ ಕೊಟ್ಟದ್ದು ಬಡ್ಡಿಯ ಮೂರನೇ ಒಂದು ಭಾಗಕ್ಕೂ ಸಾಲದು.

ಕೇಂದ್ರ ಸರ್ಕಾರದ ಪಿಎಂ-ವಿದ್ಯಾಲಕ್ಷ್ಮಿ ಇದೆಯಲ್ಲ ಎಂದು ಕೇಳುವವರಿದ್ದಾರೆ. 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿದ ಯೋಜನೆ, ಅಡಮಾನವಿಲ್ಲ, ಜಾಮೀನಿಲ್ಲ ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ಒಳ್ಳೆಯದೇ. ಆದರೆ ಯಾರಿಗೆ? ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಆಧರಿಸಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ. ಆರಂಭದಲ್ಲಿ ಇಡೀ ದೇಶಕ್ಕೆ ಅಂಥವು 860. ಅಂಥ ಕಾಲೇಜಿಗೆ ಸೇರಿದ ಮಕ್ಕಳಿಗೆ ಬ್ಯಾಂಕುಗಳು ಮೊದಲೇ ಒಂದಿಷ್ಟು ಮರ್ಯಾದೆ ಕೊಡುತ್ತಿದ್ದವು. ನಮ್ಮ ತಾಲ್ಲೂಕಿನ ಪದವಿ ಕಾಲೇಜು, ಪಕ್ಕದ ಜಿಲ್ಲೆಯ ನರ್ಸಿಂಗ್ ಕಾಲೇಜು ಆ ಪಟ್ಟಿಯಲ್ಲಿ ಎಲ್ಲಿವೆ? ಓದುವ ಅವಧಿಯ ಬಡ್ಡಿಯನ್ನು ಕೇಂದ್ರವೇ ಕಟ್ಟುವ 2009ರ ಹಳೆಯ ಯೋಜನೆಯೂ ವೃತ್ತಿಪರ, ತಾಂತ್ರಿಕ ಕೋರ್ಸಿನವರಿಗಷ್ಟೇ. ಅದರ ಆದಾಯ ಮಿತಿ ಆವತ್ತೂ ನಾಲ್ಕೂವರೆ ಲಕ್ಷ, ಇವತ್ತೂ ನಾಲ್ಕೂವರೆ ಲಕ್ಷ. ಬಿಎ, ಬಿಕಾಂ ಓದುವವರು ಈ ಲೆಕ್ಕದಲ್ಲೇ ಇಲ್ಲ.

ಸಾಲ ಮಾಡಲೇಬೇಕೇ ಎಂಬ ಪ್ರಶ್ನೆಯನ್ನು ನಾನು ಮೊದಲೇ ಕೇಳಬೇಕಿತ್ತೇನೋ, ಆದರೆ ಮನೆಯವರು ನಮ್ಮ ಹತ್ತಿರ ಬರುವ ಹೊತ್ತಿಗೆ ಕೈಯಲ್ಲಿ ನಾಲ್ಕೇ ದಿನ ಇರುತ್ತವೆ. ಏಪ್ರಿಲ್‌ನಲ್ಲೇ ಬಂದರೆ ಬೇಕಾದ ಮೊತ್ತವನ್ನೇ ಇಳಿಸುವ ದಾರಿಗಳಿವೆ, ಅವುಗಳಿಗೆ ಯಾರ ಜಾಮೀನೂ ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಸೂಪರ್‌ನ್ಯೂಮರರಿ ಕೋಟಾ ಇದೆ, ಪ್ರತಿ ಕೋರ್ಸಿನ ಪ್ರವೇಶ ಸಂಖ್ಯೆಯ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ. ಉಳಿದ ಶುಲ್ಕ ಕಟ್ಟಬೇಕು, ಆದರೂ ಭಾರ ಅರ್ಧಕ್ಕರ್ಧ ಇಳಿಯುತ್ತದೆ. ಸಿಇಟಿ ಅರ್ಜಿ ತುಂಬುವಾಗ ನಾಡಕಚೇರಿಯ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸರಿಯಾಗಿ ಹಾಕದೆ ಇದನ್ನು ಕಳೆದುಕೊಂಡವರನ್ನು ಪ್ರತಿವರ್ಷ ನೋಡುತ್ತೇನೆ. ಸೈಬರ್ ಸೆಂಟರಿನ ಹುಡುಗ ಗಡಿಬಿಡಿಯಲ್ಲಿ ಒತ್ತಿದ ಒಂದು ಕೀಲಿಗೆ ನಾಲ್ಕು ವರ್ಷದ ಫೀಸು!

ತಾಂತ್ರಿಕ ಕೋರ್ಸಿಗೆ ಸೇರಿದ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50 ಸಾವಿರ, ಅಂಗವಿಕಲರಿಗೆ ಸಕ್ಷಮ್, ತಂದೆ-ತಾಯಿ ಇಲ್ಲದವರಿಗೆ ಸ್ವನಾಥ್, ಅವೂ ಅಷ್ಟಷ್ಟೇ. ಹತ್ತನೇ ತರಗತಿ ಮತ್ತು ಪಿಯು ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30 ಸಾವಿರ ಕೊಡುತ್ತಿದೆ. ಬಿಎ ಓದುವವರಿಗೂ ಅದು ಸಿಗುತ್ತದೆ, ಹಾಗಾಗಿ ನಮ್ಮ ಕಡೆಗೆ ಇದೇ ದೊಡ್ಡದು. ಪಿಯುನಲ್ಲಿ ಒಳ್ಳೆಯ ಅಂಕ ಬಂದವರಿಗೆ ಕೇಂದ್ರದ ವಿದ್ಯಾರ್ಥಿವೇತನ ಮೊದಲ ಮೂರು ವರ್ಷ 12 ಸಾವಿರ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ, ಅಲ್ಪಸಂಖ್ಯಾತರಿಗೆ ಅವರ ನಿಗಮದ 'ಅರಿವು' ಸಾಲ, ಬ್ಯಾಂಕಿನ ಎದುರು ಅದರ ದರ ಏನೇನೂ ಅಲ್ಲ, ಶೇ 2. ಆದರೆ ಆಯಾ ವರ್ಷದ ಅನುದಾನ ಮುಗಿದರೆ ಅದೂ ಮುಗಿಯಿತು. ಇವೆಲ್ಲವನ್ನೂ ಒಬ್ಬರೇ ಪಡೆಯಲಾಗದು, ಒಂದು ಸರ್ಕಾರಿ ವಿದ್ಯಾರ್ಥಿವೇತನ ಪಡೆದರೆ ಇನ್ನೊಂದಕ್ಕೆ ಅಡ್ಡಿ ಬರುವ ನಿಯಮಗಳಿವೆ. ಯಾವುದು ದೊಡ್ಡದೋ ಅದನ್ನು ಮೊದಲು ನೋಡಿಕೊಳ್ಳಬೇಕು. ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ ಊಟ-ವಸತಿಯ ಖರ್ಚೇ ಹೋಯಿತು. ಅದು ಸಿಗದವರಿಗಾಗಿ ಬಂದ ವಿದ್ಯಾಸಿರಿ ಶುರುವಾದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15 ಸಾವಿರ. ಬೆಂಗಳೂರಿನಲ್ಲಿ ಆ ಹಣಕ್ಕೆ ಒಂದು ಮಂಚದ ಬಾಡಿಗೆಯೂ ಬರದು.

ಇವುಗಳ ದೊಡ್ಡ ರೋಗ ತಡ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ 'ಮಂಜೂರಾಗಿದೆ' ಎಂದು ತೋರಿಸುತ್ತದೆ, ಖಾತೆಗೆ ಆಧಾರ್ ಜೋಡಣೆ ಆಗಿಲ್ಲವೆಂದು ಹಣ ಬರುವುದಿಲ್ಲ. ಕಾಲೇಜು ಮಾತ್ರ ಫೀಸು ಕಟ್ಟದಿದ್ದರೆ ಹಾಲ್ ಟಿಕೆಟ್ ಕೊಡುವುದಿಲ್ಲ ಎನ್ನುತ್ತದೆ. ಇರುವುದನ್ನೂ ಕಸಿಯುವುದು ನಡೆದಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಅವರ ಮಕ್ಕಳಿಗೆ ಕೊಡುತ್ತಿದ್ದ ಶೈಕ್ಷಣಿಕ ಸಹಾಯಧನವನ್ನು 2023ರ ಅಕ್ಟೋಬರ್‌ನಲ್ಲಿ ಸರ್ಕಾರ ಕಡಿದುಹಾಕಿತು. ಗಾರೆ ಕೆಲಸದವರ ಮಕ್ಕಳು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ಹಾಗಾದರೆ ಸರ್ಕಾರ ಮಾಡಬೇಕಾದ್ದೇನು? ಸಹಿ. ರಾಜ್ಯವೇ ಸಹಿ ಹಾಕಬೇಕು. ಇದು ಹಗಲುಗನಸಲ್ಲ. ಬಿಹಾರ 2016ರ ಅಕ್ಟೋಬರ್ 2ರಂದು 4 ಲಕ್ಷದವರೆಗಿನ ವಿದ್ಯಾರ್ಥಿ ಕ್ರೆಡಿಟ್ ಕಾರ್ಡ್ ಯೋಜನೆ ಶುರುಮಾಡಿತು, ಬ್ಯಾಂಕುಗಳ ಮೂಲಕ. ಬ್ಯಾಂಕುಗಳು ಅಲ್ಲೂ ಮೀನ-ಮೇಷ ಎಣಿಸಿದವು. 2018ರಲ್ಲಿ ರಾಜ್ಯವೇ ಶಿಕ್ಷಣ ಹಣಕಾಸು ನಿಗಮ ಕಟ್ಟಿ ನೇರ ಸಾಲ ಕೊಡತೊಡಗಿತು. ಬಡ್ಡಿ ಶೇ 4, ಹೆಣ್ಣುಮಕ್ಕಳಿಗೆ ಶೇ 1. 2025ರಲ್ಲಿ ಬಡ್ಡಿಯನ್ನೇ ತೆಗೆಯಿತು. ಚುನಾವಣೆ ಹತ್ತಿರವಿತ್ತು ನಿಜ, ಆದರೆ ನಮ್ಮಲ್ಲೂ ಚುನಾವಣೆಗಳು ಬರುತ್ತವಲ್ಲ? ಪಶ್ಚಿಮ ಬಂಗಾಳ 2021ರಿಂದ 10 ಲಕ್ಷದವರೆಗಿನ ಸಾಲಕ್ಕೆ ತಾನೇ ಖಾತರಿ ನಿಲ್ಲುತ್ತಿದೆ. ಆ ರಾಜ್ಯಗಳಿಗಿಂತ ನಮ್ಮ ಖಜಾನೆ ಬಡವೇ?

ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ಇಲ್ಲಿಂದ ಶುರುಮಾಡಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಿಸುತ್ತಾರೆ. 371(ಜೆ) ಅಡಿ ಸೀಟು ಪಡೆದ ಮಕ್ಕಳಿಗೆ ಸಾಲ ಮಂಜೂರಾಗುವವರೆಗಿನ ಕೈಗಡವನ್ನು ಕಾಲೇಜಿಗೆ ನೇರವಾಗಿ ಕಟ್ಟುವ ಒಂದು ನಿಧಿಗೆ ಅದರಲ್ಲಿ ಎಷ್ಟು ಬೇಕಾದೀತು? ಸಾಲ ಬಂದ ಮೇಲೆ ಹಣ ನಿಧಿಗೇ ವಾಪಸ್ ಹೋಗುತ್ತದೆ. ಸಮುದಾಯ ಭವನದ ಹಾಗೆ ಉದ್ಘಾಟನೆಗೆ ಕಲ್ಲು ಸಿಗುವುದಿಲ್ಲ ಎಂಬುದೊಂದೇ ಅದರ ಕೊರತೆ.

ಇನ್ನು ನಮ್ಮ ಪಾಲಿನದು. ಪ್ರತಿವರ್ಷ ಜಿಲ್ಲಾಧಿಕಾರಿ ಲೀಡ್ ಬ್ಯಾಂಕಿನ ವಾರ್ಷಿಕ ಸಾಲ ಯೋಜನೆ ಬಿಡುಗಡೆ ಮಾಡುವ ಫೋಟೊ ನಮಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಆ ಪುಸ್ತಕದ ಒಳಗೆ ಆದ್ಯತಾ ವಲಯದ ಪಟ್ಟಿಯಲ್ಲಿ 'ಶಿಕ್ಷಣ' ಎಂಬ ಸಾಲೊಂದಿದೆ, ಎದುರಿಗೆ ಗುರಿ. ಮೂರು ತಿಂಗಳಿಗೊಮ್ಮೆ ನಡೆಯುವ ಪರಿಶೀಲನಾ ಸಭೆಯಲ್ಲಿ ಸಾಧನೆ ಎಷ್ಟೆಂದು ಬ್ಯಾಂಕುವಾರು ಇಡುತ್ತಾರೆ. ಮುಂದಿನ ಸಭೆಗೆ ನಾನು ಬರೆದುಕೊಂಡಿರುವ ಪ್ರಶ್ನೆಗಳು ಇವು: 4 ಲಕ್ಷದೊಳಗಿನ ಎಷ್ಟು ಶಿಕ್ಷಣ ಸಾಲದ ಅರ್ಜಿ ಬಂದವು, ಯಾವ ಶಾಖೆ ಎಷ್ಟು ತಿರಸ್ಕರಿಸಿತು, ಎಷ್ಟಕ್ಕೆ ಲಿಖಿತ ಕಾರಣ ಕೊಟ್ಟಿದೆ, ಖಾತರಿ ನಿಧಿಯಡಿ ಕೊಟ್ಟ ಸಾಲ ಎಷ್ಟು. ಸಭೆಯಲ್ಲಿ ಉತ್ತರ ಸಿಗದಿದ್ದರೆ ಸರ್ಕಾರಿ ಬ್ಯಾಂಕುಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಹತ್ತು ರೂಪಾಯಿ ಶುಲ್ಕ. ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಇದೇ ನಾಲ್ಕನ್ನು ಕೇಳಿ, ಸಿಕ್ಕ ಅಂಕಿಗಳನ್ನು ಇಲ್ಲಿಗೆ ಕಳಿಸಿ. ಶಾಖೆಯ ಹೆಸರಿನ ಸಮೇತ ಪಟ್ಟಿ ಹಾಕೋಣ.